ಅತ್ತೆಯ ಆಸ್ಪತ್ರೆ ಉಪವಾಸ

ನಮ್ಮ ಅತ್ತೆ ಗೋದುಬಾಯಿಯವರ ಕೈ ಬಹಳ ದೊಡ್ಡದು. ನಾನು ಮದುವೆಯಾಗಿ ದಾಂಡೇಲಿಗೆ ಬಂದಾಗ ಹಾಗಿರಲಿಲ್ಲ. ಐವತ್ತು ದಾಟಿದ ಮೇಲೆ ಕೈ ಬೆಳೆಯಿತು, ಪಾದ ಬೆಳೆಯಿತು, ದವಡೆ ಮುಂದೆ ಬಂತು. ಸಂತೆಯಲ್ಲಿ ಬಳೆ ಮಾರುವ ಸಕೀನಾ ಹಬ್ಬದಿಂದ ಹಬ್ಬಕ್ಕೆ ಇನ್ನೂ ದೊಡ್ಡ ಅಳತೆ ಹುಡುಕಬೇಕಾಯಿತು. ನಾವು ನಗುತ್ತಿದ್ದೆವು. ಅತ್ತೆ ತಟ್ಟುವ ಜೋಳದ ರೊಟ್ಟಿಯೂ ಕೈಯ ಜೊತೆಗೇ ಅಗಲವಾಗುತ್ತಿತ್ತು, ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬರುವ ನನ್ನ ಗಂಡನಿಗೆ ಅದರಿಂದ ನಷ್ಟವೇನೂ ಇರಲಿಲ್ಲ.

ತಲೆನೋವು ತಡೆಯಲಾಗದೆ ಹುಬ್ಬಳ್ಳಿಗೆ ಹೋದಾಗ ಗುಟ್ಟು ರಟ್ಟಾಯಿತು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿ ಇದೆಯಂತೆ. ಅದರಲ್ಲೊಂದು ಗಂಟು ಬೆಳೆದು, ಮೈ ಬೆಳೆಸುವ ಹಾರ್ಮೋನನ್ನು ಬೇಡವೆಂದರೂ ಸುರಿಸುತ್ತಿತ್ತು. ಮೂಗಿನ ಮೂಲಕವೇ ಅದನ್ನು ತೆಗೆದರು. "ಇದು ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರು. ಮಾವ ದುರ್ಗಪ್ಪ ಓಣಿಗೆಲ್ಲ ಪೇಢೆ ಹಂಚಿದರು.

ಪೇಢೆಯ ಸಡಗರದಲ್ಲಿ ಡಾಕ್ಟರ ಮುಂದಿನ ಮಾತು ಯಾರಿಗೂ ಬೇಡವಾಯಿತು. ಇಂಥ ಗಂಟು ಇದ್ದವರಿಗೆ ಮುಂದೆ ಬೇರೆ ಕಡೆ, ಅದರಲ್ಲೂ ದೊಡ್ಡ ಕರುಳಿನಲ್ಲಿ, ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಬಂದೇ ಬರುತ್ತದೆ ಅಂತಲ್ಲ, ಆದರೆ ಕ್ಯಾಮೆರಾ ಹಾಕಿ ಕರುಳನ್ನೊಮ್ಮೆ ನೋಡಬೇಕು ಎಂದಿದ್ದರು.

"ಇಲ್ಲ ಅಂದಮ್ಯಾಲ ಮತ್ತ ಹುಡುಕೂದ್ಯಾಕ?" ಅತ್ತೆ ವರ್ಷವಿಡೀ ಇದನ್ನೇ ಹೇಳಿದರು. ನಾನು ಬಿಡಲಿಲ್ಲ. ಕೊನೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಗಟ್ಟಿಯಾದದ್ದು ಏನೂ ತಿನ್ನಬಾರದು, ಭೇದಿಯ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಂಡು ಬರಬೇಕು.

"ಉಪವಾಸೇನ್ ನನಗ ಹೊಸಾದಲ್ಲ" ಎಂದರು ಅತ್ತೆ. ಮಾತು ನಿಜ. ಆದರೆ ನಮ್ಮಲ್ಲಿ ಏಕಾದಶಿ ಉಪವಾಸವೆಂದರೆ ಅನ್ನ, ರೊಟ್ಟಿ ಬಿಟ್ಟು ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು ತಿನ್ನುವುದು. ಉಪವಾಸದ ದಿನವೇ ಹೊಟ್ಟೆ ಹೆಚ್ಚು ಭಾರ. ಪರೀಕ್ಷೆಯ ಹಿಂದಿನ ದಿನ ನಾನು ಹಳಿಯಾಳಕ್ಕೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಹೆಂಡತಿಗೆ ನಿತ್ರಾಣವಾದೀತೆಂದು ಮಾವ ಖಿಚಡಿ ಮಾಡಿದರು. ಅತ್ತೆ ಉಂಡರು, ಮೇಲೆ ಉಂಡಿಯನ್ನೂ ತಿಂದರು.

ಮರುದಿನ ಡಾಕ್ಟರು ಹೊರಗೆ ಬಂದು, "ಅಜ್ಜಿ ಏನ್ ತಿಂದಾರ್ರೀ? ಶೇಂಗಾ ಬಿಟ್ರ ಒಳಗ ಏನೂ ಕಾಣವಲ್ದು" ಎಂದರು. ಪರೀಕ್ಷೆ ಅಲ್ಲಿಗೇ ನಿಂತಿತು.

"ಉಪವಾಸಕ್ಕ ನಡಿತೈತಿ ಅಂತ ಮಾಡಿದ್ನಿ" ಎಂದು ಮಾವ ಗೊಣಗಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆವತ್ತು ನನ್ನ ಕಾಲ. ಬಸ್ಸು ಧಾರವಾಡ ದಾಟುವವರೆಗೂ ಇಬ್ಬರನ್ನೂ ಬೈದೆ. ಅತ್ತೆ ಮಾತ್ರ ಗೆಲುವಾಗಿದ್ದರು. "ದೇವರಿಗೇ ಮನಸ್ಸಿಲ್ಲ. ಇನ್ನ ನಾ ಬರಂಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು.

ಮಾವ ಹುಟ್ಟಿದಾಗಿನಿಂದ ಉಪವಾಸ ಮಾಡಿದವರಲ್ಲ. ಹೊತ್ತಿಗೆ ಸರಿಯಾಗಿ ತಾಟಿಗೆ ರೊಟ್ಟಿ ಬೀಳದಿದ್ದರೆ ಮನೆ ರಣರಂಗ. ಅಂಥವರು ಮರುದಿನ ಬೆಳಿಗ್ಗೆ ತಾಟು ಸರಿಸಿ ಕೂತರು.

"ನೀ ಬರ್ತೇನಿ ಅನ್ನೂತನಕ ನಂದು ಬರೇ ನೀರು. ಖಿಚಡೀನೂ ಇಲ್ಲ, ಉಂಡೀನೂ ಇಲ್ಲ."

ಸಂಜೆ ಹೊತ್ತಿಗೆ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದರು. ಅತ್ತೆ ಓಡಿ ಬಂದು, ರಟ್ಟೆ ಹಿಡಿದು ಕೂರಿಸಿ, ಬಾಯಿಗೆ ಬಂದಂತೆ ಬೈದು, ಕೊನೆಗೆ ಹೂಂ ಎಂದರು.

ಎರಡನೇ ಸಲ ಇಬ್ಬರೂ ಎಳನೀರಿನ ಮೇಲೆಯೇ ಇದ್ದರು. ಅತ್ತೆಯ ಕರುಳಿನಲ್ಲಿ ಎರಡು ಸಣ್ಣ ಗಂಟು ಸಿಕ್ಕವು, ಆಗಲೇ ತೆಗೆದರು. ವರದಿ ಬಂದ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. "ಇವು ಇನ್ನೂ ಕ್ಯಾನ್ಸರ್ ಆಗಿದ್ದಿಲ್ಲ. ಹಂಗ ಬಿಟ್ಟಿದ್ರ ಮುಂದೊಂದಿನ ಆಗಬಹುದಿತ್ತು. ಕೆಲವು ವರ್ಷ ಬಿಟ್ಟು ಮತ್ತ ಬರ್ರಿ, ನೋಡೂಣು."

ತಲೆಯ ಆಪರೇಶನ್ನಿಗೂ ಅಳದ ಮಾವ ಆಸ್ಪತ್ರೆಯ ಬಾಗಿಲಲ್ಲೇ ಅತ್ತುಬಿಟ್ಟರು. "ನಾನ ಖಿಚಡಿ ತಿನ್ನಿಸಿ ನಿನ್ನ ಕಳಕೊಂಡ ಬಿಡ್ತಿದ್ನಿ."

ಅತ್ತೆ ನೆಲ ನೋಡುತ್ತಾ ಹೇಳಿದರು. "ನೀವೇನ್ ತಿನ್ನಿಸ್ತೀರಿ? ತಿನಬಾರ್ದು ಅನ್ನೂದು ನನಗ ಗೊತ್ತಿತ್ತು. ಡಾಕ್ಟರು ಒಳಗ ನೋಡೂದ ಬ್ಯಾಡ ಅಂತ ತಿಂದ್ನಿ. ಭಾಳ ಅಂಜಿಕಿ ಬಂದಿತ್ರೀ."

ಮಾವ ಅತ್ತೆಯ ಕೈ ಹಿಡಿದುಕೊಂಡರು. ಅದನ್ನು ಹಿಡಿಯಲು ಅವರಿಗೆ ಎರಡೂ ಕೈ ಬೇಕಾದವು.