ಗಿನಿ ಪಿಗ್‌ಗಳ ಜಗಳ ಬಿಡಿಸುವ ರಮಾಮಣಿ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊದಲ ಮಹಡಿಯ ಮನೆಯೊಂದರ ಹಾಲ್‌ನಲ್ಲಿ ರಮಾಮಣಿ ಹಳೆಯ ಬೆಡ್‌ಶೀಟ್ ಹಾಸಿ, ನಡುವೆ ಕೊತ್ತಂಬರಿ ಸೊಪ್ಪು ಹರಡಿ, ಎರಡು ಗಿನಿ ಪಿಗ್‌ಗಳನ್ನು ಎದುರುಬದುರು ಬಿಡುತ್ತಾರೆ. ಬಿಳಿಯದು ಇಡ್ಲಿ, ಕಂದು ಬಣ್ಣದ್ದು ಚಟ್ನಿ. ಎರಡೂ ಗಂಡು. ಬೊಗಸೆಯಲ್ಲಿ ಹಿಡಿಸುವಷ್ಟು ಗಾತ್ರ, ಹತ್ತಿಯಂಥ ಮೈ. ಅವರ ಕೆಲಸ ನೋಡಿ ಬರೆಯಲೆಂದು ಬಂದು, ಚಹಾದ ಲೋಟ ಹಿಡಿದು ಕುಳಿತ ನಾನು, ‘ಇವಕ್ಕೆಂಥ ಜಗಳ!’ ಎಂದು ನಗುತ್ತೇನೆ.

ನಗು ಮುಗಿಯುವ ಮೊದಲೇ ಕಟಕಟ ಹಲ್ಲು ಕಡಿಯುವ ಸದ್ದು. ಚಟ್ನಿಯ ಕತ್ತಿನ ರೋಮ ನಿಮಿರುತ್ತದೆ. ಮರುಕ್ಷಣ ಎರಡೂ ಒಂದೇ ಉಂಡೆಯಾಗಿ ಉರುಳುತ್ತವೆ. ಇಡ್ಲಿ ಕಿರುಚುವುದು ಎಳೆಮಗು ಚೀರಿದ ಹಾಗಿದೆ. ನಾನು ಕೈ ಚಾಚುತ್ತೇನೆ.

“ಕೈ ಹಾಕ್ಬೇಡಿ ಮಾರಾಯ್ರೆ!”

ರಮಾಮಣಿ ಕೂಗುತ್ತಲೇ ಎರಡರ ಮೇಲೂ ದಪ್ಪ ಟವೆಲ್ ಎಸೆದು, ನಡುವೆ ರಟ್ಟಿನ ಹಲಗೆ ತೂರಿಸುತ್ತಾರೆ. ಸದ್ದು ನಿಲ್ಲುತ್ತದೆ. ಬೆಡ್‌ಶೀಟಿನ ಮೇಲೆ ರಕ್ತದ ಹನಿಗಳು. ನನ್ನ ಚಹಾ ಯಾವಾಗಲೋ ನೆಲಕ್ಕೆ ಚೆಲ್ಲಿದೆ. ಅವರು ತಮ್ಮ ಎಡಗೈ ಹೆಬ್ಬೆರಳು ತೋರಿಸುತ್ತಾರೆ. ತುದಿಯಲ್ಲಿ ಸೊಟ್ಟಗೆ ಕೂಡಿಕೊಂಡ ಗಾಯ. “ಸುರುವಿಗೆ ನಾನೂ ಹೀಗೇ ಕೈ ಹಾಕಿದ್ದು. ಮೂಳೆಗೆ ತಾಗಿತ್ತು ಹಲ್ಲು. ಆ ಹೊತ್ತಿಗೆ ಅವಕ್ಕೆ ಯಾರ ಕೈ ಅಂತ ಗೊತ್ತಾಗೋದಿಲ್ಲ.”

ರಮಾಮಣಿ ಉಡುಪಿ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತಾರಾನಾಥರು ಠಾಣೆ ನಗರದ ಶಾಕಾಹಾರಿ ಹೋಟೆಲೊಂದರಲ್ಲಿ ಅಡುಗೆಯವರು. ಹೋಟೆಲಿನಲ್ಲಿ ಉಳಿಯುವ ಸೊಪ್ಪು, ಕ್ಯಾರೆಟ್ ತಲೆ ದಿನವೂ ಅವರ ಚೀಲದಲ್ಲಿ ಮನೆಗೆ ಬರುತ್ತದೆ. ರಮಾಮಣಿಗೆ ಹಗಲೆಲ್ಲ ಪ್ರಾಣಿಗಳ ಕ್ಲಿನಿಕ್ ಒಂದರಲ್ಲಿ ಹೆಲ್ಪರ್ ಕೆಲಸ. ಕಚ್ಚಾಡಿ ಗಾಯಗೊಂಡು ಬಂದ ಗಿನಿ ಪಿಗ್‌ಗಳನ್ನು ಕೆಲವರು ಅಲ್ಲೇ ಬಿಟ್ಟು ಹೋಗತೊಡಗಿದಾಗ ಇವರು ಮನೆಗೆ ತಂದರು. ಈಗ ಹಾಲ್‌ನ ಗೋಡೆಯುದ್ದಕ್ಕೂ ಪಂಜರಗಳು, ಹನ್ನೊಂದು ಜೀವಗಳು. ಎಲ್ಲಾದರೂ ಇವು ಕಚ್ಚಾಡಿದರೆ ಕಲ್ಯಾಣದಿಂದ ಹಿಡಿದು ದೂರದ ಕಾಮೋಠೆಯಿಂದಲೂ ಇವರಿಗೆ ಫೋನ್ ಬರುತ್ತದೆ. ವಾಸನೆ ಬರುತ್ತದೆಂದು ಕಟ್ಟಡದ ಸೊಸೈಟಿಯವರು ಎರಡು ಸಲ ನೋಟಿಸ್ ಕೊಟ್ಟಿದ್ದಾರೆ.

“ಅಂಗಡಿಯವರು ಚಿಕ್ಕ ಪಂಜರ ಮಾರ್ತಾರೆ. ಒಂದೇ ಬಟ್ಟಲು, ಅಡಗಲಿಕ್ಕೆ ಒಂದೇ ಗೂಡು. ನಮ್ಮನ್ನೇ ಹಾಗೆ ಕೂಡಿಹಾಕಿದ್ರೆ ಜಗಳ ಆಗ್ಲಿಕ್ಕಿಲ್ವಾ?” ಎಂದು ಕೇಳುತ್ತಾರೆ.

ಇಡ್ಲಿ-ಚಟ್ನಿಯ ಪಂಜರ ಮಾತ್ರ ದೊಡ್ಡದೇ ಇತ್ತು. ಸಾನಪಾಡಾದ ಕಾಲೇಜು ಹುಡುಗಿ ಸಂಜನಾ ಸಾಕಿದ ಜೋಡಿ ಅದು. ಎರಡು ವರ್ಷ ಒಂದಕ್ಕೊಂದು ಅಂಟಿಕೊಂಡು ಮಲಗುತ್ತಿದ್ದವು. ಕಳೆದ ತಿಂಗಳು ಒಂದು ಸಂಜೆ ಅವಳು ಮನೆಗೆ ಬಂದಾಗ ಇಡ್ಲಿಯ ಕಿವಿ ಹರಿದು ಜೋಲುತ್ತಿತ್ತು. ಚಟ್ನಿಯ ಬಾಯಿಯೆಲ್ಲ ರಕ್ತ. ಅವಳ ತಂದೆ ಮನೀಶ ರೇಗಿ, ಚಟ್ನಿಯನ್ನು ಯಾವುದಾದರೂ ಗಾರ್ಡನ್‌ನಲ್ಲಿ ಬಿಟ್ಟು ಬರುತ್ತೇನೆಂದು ಎದ್ದರು.

“ಬೀದಿ ಬೆಕ್ಕಿಗೆ ಒಂದು ತುತ್ತು ಅದು!” ರಮಾಮಣಿಗೆ ಈಗಲೂ ಸಿಟ್ಟು ಇಳಿದಿಲ್ಲ. ಸಂಜನಾಳ ಫೋನ್ ಬಂದದ್ದೇ ಅಂದೇ ಹೋಗಿ, ಎರಡು ಬುಟ್ಟಿಗಳಲ್ಲಿ ಎರಡನ್ನೂ ಇಟ್ಟುಕೊಂಡು, ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಲೇಡೀಸ್ ಡಬ್ಬಿಯ ಗದ್ದಲದಲ್ಲಿ ನಿಂತೇ ಮನೆಗೆ ತಂದರು. ಗಾಯ ಮಾಯುವವರೆಗೆ ನಡುವೆ ಜಾಲರಿ ಹಾಕಿ ಪಕ್ಕಪಕ್ಕ ಇಟ್ಟರು. ಇವತ್ತಿನದು ಮತ್ತೆ ಕೂಡಿಸುವ ಮೊದಲ ಪ್ರಯತ್ನ.

ಅದು ಸೋತಿದೆ. “ಈ ರೌಡಿ ಇನ್ನು ಒಂಟಿಯಾಗಿಯೇ ಇರ್ಬೇಕು” ಎನ್ನುತ್ತಾ ಅವರು ಚಟ್ನಿಯನ್ನು ಟವೆಲ್ ಸಮೇತ ಎತ್ತುತ್ತಾರೆ. ಅದು ಕೀರಲು ದನಿಯಲ್ಲಿ ಅಳುತ್ತದೆ. ಟವೆಲ್ ಒದ್ದೆಯಾಗುತ್ತದೆ. ಒದ್ದೆ ಕೆಂಪಾಗಿದೆ. ರಮಾಮಣಿ ಅದರ ರೋಮ ಸರಿಸಿ ಮೈಯೆಲ್ಲ ನೋಡುತ್ತಾರೆ. ಎಲ್ಲೂ ಗಾಯವಿಲ್ಲ.

“ಅಯ್ಯೋ ದೇವರೇ, ಇದು ಉಚ್ಚೆಯಲ್ಲಿ ಬಂದದ್ದು.” ಉಟ್ಟ ಸೀರೆಯಲ್ಲೇ ಬುಟ್ಟಿ ಹಿಡಿದು ಮೆಟ್ಟಿಲಿಳಿದ ಅವರ ಹಿಂದೆ ನಾನು ಓಡುತ್ತೇನೆ.

ಅವರು ಕೆಲಸ ಮಾಡುವ ಕ್ಲಿನಿಕ್‌ನಲ್ಲಿ, ಕರೆಸಿದ್ದಕ್ಕೆ ಹೊತ್ತಿಗೆ ಮುಂಚೆಯೇ ಬಂದ ಡಾಕ್ಟರ್ ಸೌಜನ್ಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುತ್ತಾರೆ. ಮೂತ್ರಕೋಶದಲ್ಲಿ ಕಡಲೆಕಾಳಿನಷ್ಟು ಕಲ್ಲು. “ಇಡ್ಲಿ ಪ್ರೀತಿಯಿಂದ ಮೈಗೆ ಒರಗಿದಾಗಲೆಲ್ಲ ಇದಕ್ಕೆ ಜೀವ ಹೋಗುವಷ್ಟು ನೋವಾಗಿದೆ. ಅದಕ್ಕೇ ಕಚ್ಚಿದೆ.”

ರಮಾಮಣಿ ಚಟ್ನಿಯ ತಲೆ ಸವರುತ್ತಾರೆ. “ನಾನೂ ಇದನ್ನು ರೌಡಿ ಅಂದೆನಲ್ಲ...”

ಫೋನ್ ಮಾಡಿದ್ದಕ್ಕೆ ಸಂಜನಾ, ಮನೀಶ ಇಬ್ಬರೂ ಬಂದಿದ್ದಾರೆ. ಇಡ್ಲಿಯನ್ನಷ್ಟೇ ಕರೆದೊಯ್ಯುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತಂತೆ. ಸಂಜನಾ ಎಕ್ಸ್‌ರೇ ನೋಡಿ ಅಪ್ಪನ ಕಡೆ ತಿರುಗುತ್ತಾಳೆ. “ಪಪ್ಪಾ, ಉಸ್ಕೋ ದರ್ದ್ ಹೋ ರಹಾ ಥಾ.” ಅದಕ್ಕೆ ನೋಯುತ್ತಿತ್ತು ಎನ್ನುತ್ತಾಳೆ. ಮನೀಶರ ಮುಖ ಬಿಳಿಚಿಕೊಳ್ಳುತ್ತದೆ. ಆಪರೇಷನ್‌ನಲ್ಲಿ ಉಳಿಯದೆಯೂ ಹೋಗಬಹುದು ಎನ್ನುತ್ತಾರೆ ಡಾಕ್ಟರ್. “ಮಾಡಿ” ಎಂದವರು ಮನೀಶರೇ.

ಚಟ್ನಿ ಉಳಿದಿದೆ. ನಾನು ಮತ್ತೆ ಹೋದಾಗ ಹೊಟ್ಟೆಯ ಹೊಲಿಗೆಯ ಮೇಲೆ ಹೊಸ ರೋಮ ಬರುತ್ತಿದೆ. ಆದರೆ ಇಡ್ಲಿಗೆ ಭಯ ಹೋಗಿಲ್ಲ. ಎರಡೂ ಸಾನಪಾಡಾಕ್ಕೆ ಒಟ್ಟಿಗೇ ಹೋಗಲಿವೆ, ಜಾಲರಿಯ ಆಚೆ ಒಂದು, ಈಚೆ ಒಂದು. “ಎಲ್ಲವನ್ನೂ ಕೂಡಿಸ್ಲಿಕ್ಕೆ ಆಗೋದಿಲ್ಲ. ಹತ್ರ ಹತ್ರ ಇದ್ರೂ ಸಾಕು” ಎನ್ನುತ್ತಾರೆ ರಮಾಮಣಿ.

ನಿಮಗೆ ಏನಾದರೂ ಆಸೆ ಉಂಟಾ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ. ಸೊಸೈಟಿಯ ಮಕ್ಕಳಿಗೆ ಅವರು ‘ಚೂಹಾವಾಲಿ ಆಂಟಿ’, ಇಲಿ ಸಾಕುವ ಆಂಟಿ. ಬಾಗಿಲಲ್ಲಿ ಗಂಡನ ಹೆಸರಷ್ಟೇ ಇದೆ.

“ಅದರ ಕೆಳಗೆ ನನ್ನ ಹೆಸರೂ ಒಂದು ಬರೆಸ್ಬೇಕು. ಜನ ಬೆಳಿಗ್ಗೆ ಬಾಗಿಲಲ್ಲಿ ಬುಟ್ಟಿ ಇಟ್ಟು ಓಡಿ ಹೋಗ್ತಾರೆ, ನಾಚಿಕೆಯೋ ಹೆದರಿಕೆಯೋ. ಹೆಸರಿದ್ರೆ ಬೆಲ್ ಒತ್ತಿ ಕರೀಬಹುದಲ್ವಾ? ನಾನು ಬೈಯೋದಿಲ್ಲ. ಯಾವುದು ಯಾವುದನ್ನು ಕಚ್ಚಿತು ಅಂತ ಮಾತ್ರ ಕೇಳ್ತೇನೆ. ನೋವು ಕಚ್ಚಿದ್ದಕ್ಕೂ ಇರ್ಬಹುದಲ್ಲ.”