ಕಾಂತಮ್ಮನ ಬೆಳಗುವ ನೀರು

ಗದ್ದೆ ಕೆಲಸದ ನಡುವೆ ತೋಡಿನ ನೀರು ಕುಡಿದ ನಂಜಪ್ಪ ಸಂಜೆಯೊಳಗೆ ಕಾರಿಕೊಂಡು ಕಾರಿಕೊಂಡು ತೀರಿಹೋದ. ತೋಡಿನ ಮೇಲ್ಗಡೆ ಪರಮೇಶಪ್ಪನ ಕಾಫಿ ಎಸ್ಟೇಟು. ಗಿಡಕ್ಕೆ ಹೊಡೆಯುವ ಮದ್ದಿನ ಡ್ರಮ್ಮುಗಳನ್ನು ಅಲ್ಲೇ ತೊಳೆಯುತ್ತಿದ್ದರು. ಪರಮೇಶಪ್ಪ ಮಾತ್ರ ಹೆಣದ ಮುಂದೆಯೇ, "ಸಾರಾಯಿ ಕುಡಿದು ಸತ್ತವನಿಗೆ ನನ್ನ ಮದ್ದೇನು ಮಾಡೀತು?" ಎಂದುಬಿಟ್ಟ. ಕೊರಳಲ್ಲಿ ಲಿಂಗ ಕಟ್ಟಿದ್ದ ನಂಜಪ್ಪ ಹೆಂಡ ಮುಟ್ಟಿದವನಲ್ಲ. ಅವನ ಹೆಂಡತಿ ಕಾಂತಮ್ಮನ ಅಳು ಅಲ್ಲಿಗೇ ನಿಂತಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ದಾಟಿದ್ದ ಕಾಲ. ದೂರು ಹೇಳಲು ಹೋದಲ್ಲೆಲ್ಲ ಸಾಕ್ಷಿ ಕೇಳಿದರು.

ಅವಳ ಅಣ್ಣನ ಮಗ ರೇವಣ್ಣ ಮಂಗಳೂರಿನ ಕಾಲೇಜೊಂದರಲ್ಲಿ ವಿಜ್ಞಾನದ ಮೇಷ್ಟ್ರು. ತಿಥಿಗೆ ಬಂದವನು ಅಳುಕುತ್ತಲೇ ಹೇಳಿದ: "ಅತ್ತೆ, ಕಡಲ ಮೀನಿನ ಮೈಮೇಲೆ ಕತ್ತಲಲ್ಲಿ ಬೆಳಗೋ ಸೂಕ್ಷ್ಮಜೀವಿಗಳಿರ್ತವೆ. ಉಪ್ಪುನೀರಲ್ಲಿ ಸಾಕಬಹುದು. ವಿಷ ತಾಗಿದ್ರೆ ಬೆಳಕು ಆರ್ತದೆ. ಆದ್ರೆ ಮೀನು..."

"ತಗೊಂಡ್ ಬಾ."

"ನಮ್ಮಂಥೋರ ಮನೆ ಒಳಕ್ಕಾ?"

"ದೇವರ ಕೋಣೆಗೇ ಬೇಕಾದ್ರೂ ತಗೊಂಡ್ ಬಾ."

ಮನೆಯೆಲ್ಲ ನಾರಿತು. ನೆಂಟರು ಹೊಸಿಲು ತುಳಿಯಲಿಲ್ಲ. ಕಾಂತಮ್ಮ ಮಾತ್ರ ಮೂಗು ಮುಚ್ಚದೆ ಮೀನಿನ ಮೈಮೇಲಿನ ಲೋಳೆಯನ್ನು ತಾನೇ ಕೆರೆದು ಉಪ್ಪುನೀರಿನ ಬಾಟಲಿಗೆ ಹಾಕಿದಳು.

ಒಂದು ಮಧ್ಯಾಹ್ನ ಊರ ಹಿರಿಯರನ್ನೂ ಎಸ್ಟೇಟಿನ ಆಳುಗಳನ್ನೂ ಕರೆಸಿದಳು. ಪರಮೇಶಪ್ಪನೂ ನಗಲೆಂದೇ ಬಂದ. ಕಣಜದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಬಾಗಿಲು ಹಾಕಿದಾಗ ಎರಡು ಬಾಟಲಿ ತಿಳಿನೀಲಿಯಾಗಿ ಬೆಳಗಿದವು. ಬಾವಿಯ ನೀರಿಗೂ ತೋಡಿನ ನೀರಿಗೂ ಒಂದೇ ಅಳತೆ ಉಪ್ಪು ಬೆರೆಸಿ ರೇವಣ್ಣ ಒಂದೊಂದಕ್ಕೆ ಸುರಿದ. ಬಾವಿ ನೀರಿನದು ಬೆಳಗುತ್ತಲೇ ಇತ್ತು. ತೋಡಿನದು ನೋಡನೋಡುತ್ತ ಮಂಕಾಗಿ ಆರಿಹೋಯಿತು.

"ಇದೆಲ್ಲ ಕಣ್ಕಟ್ಟು!" ಎಂದ ಪರಮೇಶಪ್ಪ.

ಕಾಂತಮ್ಮ ಬಾಗಿಲು ತೆರೆದು, ತೋಡಿನ ನೀರನ್ನೇ ಲೋಟಕ್ಕೆ ಬಗ್ಗಿಸಿ ಚಾಚಿದಳು. "ಹಂಗಾದ್ರೆ ಕುಡೀರಿ ಸಾವ್ಕಾರ್ರೇ. ನಮ್ಮನೆಯೋರು ಕುಡಿದಿದ್ದು ಇದನ್ನೇ."

ಅವನ ಕೈ ಮೇಲೇಳಲಿಲ್ಲ.

"ಕುಡಿಯಾಕ್ ಆಗ್ದಿದ್ರೆ, ಅವ್ರು ಕುಡುಕ ಅಲ್ಲ ಅಂತ ಎಲ್ರ ಮುಂದೆ ಹೇಳಿ."

ಅವನು ತಲೆ ತಗ್ಗಿಸಿ ಗೊಣಗಿದ. "ಗಟ್ಟಿಯಾಗಿ!" ಎಂದಳು. ಗಟ್ಟಿಯಾಗಿ ಹೇಳಿದ.

ಅಷ್ಟಕ್ಕೇ ಮುಗಿಯಲಿಲ್ಲ. "ನಮ್ ಮಕ್ಳೂ ಅದೇ ನೀರ್ ಕುಡಿಯೋದಲ್ವಾ ಅಕ್ಕಾ?" ಎಂದು ಆಳು ಲಿಂಗಿ ಕೇಳಿದಳು. ಆ ವಾರವೇ ಎಸ್ಟೇಟಿನ ಆಳುಗಳಿದ್ದ ಲೈನು ಮನೆಗಳೆಲ್ಲ ಖಾಲಿಯಾದವು. ಕಾಫಿ ಹಣ್ಣು ಕೊಯ್ಯುವ ಸಮಯಕ್ಕೆ ಪರಮೇಶಪ್ಪನಿಗೆ ಒಬ್ಬ ಆಳೂ ಸಿಗಲಿಲ್ಲ.

ಕಾಂತಮ್ಮ ದಿನವೂ ಬೇಲಿಯಾಚೆ ನಿಂತು, ಹಣ್ಣು ಉದುರಿ ಕಪ್ಪಾಗುವುದನ್ನು ಕಣ್ತುಂಬ ನೋಡಿದಳು. ಅಯ್ಯೋ ಅನಿಸಲಿಲ್ಲ.