ಶೆಟ್ಟರ ಎಂಟು ಮಿಲಿಮೀಟರ್ ರಿವಾಲ್ವರ್

ಕೊರೊನಾ ಬರುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತು. ನಾನಾಗ ಲಂಡನ್ನಿನ ಹೌನ್ಸ್ಲೋದಲ್ಲಿ ಕ್ರಿಮಿನಲ್ ಡಿಫೆನ್ಸ್ ಸಾಲಿಸಿಟರ್. ಪೊಲೀಸರು ಹಿಡಿದವರಿಗೆ ಠಾಣೆಗೇ ಹೋಗಿ ಸಲಹೆ ಕೊಡುವುದು, ಆಮೇಲೆ ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರಿಗೆ ಕೇಸು ಸಿದ್ಧಪಡಿಸಿ ಕೊಡುವುದು ನನ್ನ ಕೆಲಸ. ಹುಟ್ಟಿದ್ದು ಉಡುಪಿ ಹತ್ತಿರ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಆ ಕನ್ನಡ ನನ್ನ ವೃತ್ತಿಯಲ್ಲಿ ಉಪಯೋಗಕ್ಕೆ ಬರಬೇಕಾಗಿದ್ದದ್ದು ಒಂದೇ ಸಲ. ಆ ಸಲವೂ ನಾನು ಅದನ್ನು ಸರಿಯಾಗಿ ಬಳಸಲಿಲ್ಲ.

ರಘುರಾಮ ಶೆಟ್ಟರಿಗೆ ಆಗ ಎಪ್ಪತ್ತೊಂದು ವರ್ಷ. ಕುಂದಾಪುರದ ಕಡೆಯವರು. ಟೂಟಿಂಗಿನ ಹೋಟೆಲುಗಳಲ್ಲಿ ಅಡುಗೆ ಮಾಡಿ ನಿವೃತ್ತರಾಗಿ ಗ್ರೀನ್‌ಫರ್ಡಿನಲ್ಲಿ ಹೆಂಡತಿ ಸುಶೀಲಕ್ಕನ ಜೊತೆ ಇದ್ದರು. ಮಕ್ಕಳಿರಲಿಲ್ಲ. ಹಿಂದಿನ ವರ್ಷ ಮನೆಗೆ ಕಳ್ಳರು ನುಗ್ಗಿ ಸುಶೀಲಕ್ಕನನ್ನು ಮೆಟ್ಟಿಲ ಮೇಲಿಂದ ತಳ್ಳಿ ಹೋಗಿದ್ದರು. ಸೊಂಟ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ನೆನಪೂ ಒಂದೊಂದಾಗಿ ಕೈಬಿಟ್ಟು, ಕಲಿತಿದ್ದ ಇಂಗ್ಲಿಷ್ ಪೂರಾ ಹೋಗಿ ಊರ ಭಾಷೆಯೊಂದೇ ಉಳಿಯಿತು. ಶೆಟ್ಟರು ಆಕೆಯನ್ನು ಊರಿಗೆ ಕರೆದುಕೊಂಡು ಹೋಗಿ ಅಲ್ಲೇ ಇದ್ದುಬಿಡಬೇಕು ಎಂದು ಯೋಚಿಸಿದ್ದರು. ಮೊದಲು ಮೂರು ತಿಂಗಳು ಹೋಗಿ ಮನೆ ನೋಡಿ ಬರುವುದೆಂದು ಇಬ್ಬರಿಗೂ ಟಿಕೆಟ್ ಮಾಡಿಸಿದ್ದರು.

ಕಳ್ಳತನ ಆದ ತಿಂಗಳೇ ಅವರು ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಪುಟ್ಟ ರಿವಾಲ್ವರ್ ಕೊಂಡಿದ್ದರು. ನೂರು ವರ್ಷಕ್ಕೂ ಹಳೆಯದು. ಗುಂಡು ಒಂದೂ ಇರಲಿಲ್ಲ. ಈ ದೇಶದಲ್ಲಿ ಕೈಬಂದೂಕು ನಿಷೇಧ. ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ ಜೈಲು. ಆದರೆ ಒಂದು ವಿನಾಯಿತಿ ಇದೆ. ಕ್ಯಾಲಿಬರ್ ಎಂದರೆ ನಳಿಕೆಯ ಒಳ ಅಗಲ. ಈಗ ಯಾರೂ ಗುಂಡು ತಯಾರಿಸದ ಕೆಲವು ಹಳೇ ಕ್ಯಾಲಿಬರುಗಳ ಪಟ್ಟಿಯನ್ನು ಸರ್ಕಾರ ಇಟ್ಟಿದೆ. ಆ ಪಟ್ಟಿಯ ಬಂದೂಕನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಆದರೆ ಅಲಂಕಾರದ ವಸ್ತುವಾಗಿ ಮಾತ್ರ. ಶೆಟ್ಟರದ್ದು .320, ಸುಮಾರು ಎಂಟು ಮಿಲಿಮೀಟರ್. ಆಗಿನ ಪಟ್ಟಿಯಲ್ಲಿ ಅದು ಇತ್ತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಮ್ಮ ಕಡೆ ಚುನಾವಣೆ ಬಂದರೆ ಬಂದೂಕನ್ನು ಠಾಣೆಯಲ್ಲಿಟ್ಟು ಚೀಟಿ ಪಡೆದು ಆಮೇಲೆ ಬಿಡಿಸಿಕೊಂಡು ಬರುವ ರೂಢಿ ಇದೆಯಲ್ಲ. ಮೂರು ತಿಂಗಳು ಬೀಗ ಹಾಕಿದ ಮನೆಯಲ್ಲಿ ಇಂಥ ಸಾಮಾನು ಬಿಟ್ಟು ಹೋಗುವುದು ಜವಾಬ್ದಾರಿಯಲ್ಲ ಎಂದುಕೊಂಡ ಶೆಟ್ಟರು ರಿವಾಲ್ವರನ್ನು ಟವೆಲಿನಲ್ಲಿ ಸುತ್ತಿ, ಬಸ್ಸು ಹತ್ತಿ ಠಾಣೆಗೆ ಹೋಗಿ ಕೌಂಟರಿನ ಮೇಲಿಟ್ಟು ಚೀಟಿ ಕೇಳಿದರು. ಕೈಬಂದೂಕು ಇಟ್ಟುಕೊಂಡದ್ದಕ್ಕೆ ಪೊಲೀಸರು ಅಲ್ಲೇ ಬಂಧಿಸಿದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ.

ನಾನು ಹೋದಾಗ ಅವರು ಸೆಲ್ಲಿನಲ್ಲಿ ಚೀಟಿಗಾಗಿಯೇ ಕಾಯುತ್ತಿದ್ದರು. ವಿಚಾರಣೆಗೆ ಇನ್ನು ಹದಿನೈದು ನಿಮಿಷ ಇತ್ತು. ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ: ಏನು ಕೇಳಿದರೂ 'ನೋ ಕಾಮೆಂಟ್' ಎನ್ನಿ. ಯಾಕೆ ಎಂದು ವಿವರಿಸಲಿಲ್ಲ. ನನಗೆ ಮಧ್ಯಾಹ್ನ ಬೇರೆ ಠಾಣೆಯಲ್ಲಿ ಇನ್ನೊಂದು ಕೇಸಿತ್ತು. ಶೆಟ್ಟರು ತಲೆಯಾಡಿಸಿದರು.

ರೆಕಾರ್ಡರ್ ಶುರುವಾಯಿತು. ಅಧಿಕಾರಿ ಮರ್ಯಾದೆಯಿಂದಲೇ, ಇದನ್ನು ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೇಳಿದರು. ಶೆಟ್ಟರು ಬೆನ್ನು ನೆಟ್ಟಗೆ ಮಾಡಿ, ನನ್ನ ಕಡೆ ನೋಡದೆ, ಸ್ಪಷ್ಟವಾಗಿ ಹೇಳಿದರು: "ಫಾರ್ ಸೆಲ್ಫ್ ಡಿಫೆನ್ಸ್, ಸರ್."

ಅಲ್ಲಿಗೆ ಅಲಂಕಾರದ ವಿನಾಯಿತಿ ಹೋಯಿತು.

ಆದರೂ ನಾನು ಸೋಲೊಪ್ಪಲಿಲ್ಲ. ಈ ಬಂದೂಕು ಆತ್ಮರಕ್ಷಣೆಗೆ ನಾಲಾಯಕ್ಕು, ಹಾಗಾಗಿ ಇದು ಬರೀ ಅಲಂಕಾರವೇ ಎಂದು ಜ್ಯೂರಿಗೆ ತೋರಿಸಬೇಕು; ಇದು ನನ್ನ ಉಪಾಯ. ಯಾವ ಗುಂಡು ಮನುಷ್ಯನನ್ನು ತಡೆದು ನಿಲ್ಲಿಸುತ್ತದೆ, ಯಾವುದು ನಿಲ್ಲಿಸುವುದಿಲ್ಲ ಎಂದು ಬಂದೂಕು ಮಾರುವ ದೇಶಗಳ ಜನ ಬರೆದುಕೊಂಡ ಜಗಳಗಳನ್ನೆಲ್ಲ ವಾರಗಟ್ಟಲೆ ಓದಿದೆ. ಕ್ರಿಕೆಟ್ ಬ್ಯಾಟಿನ ತೂಕ ಚರ್ಚಿಸುವಷ್ಟು ಹುರುಪಿನಿಂದ ಅವರು ಗಾಯದ ಆಳವನ್ನು ಚರ್ಚಿಸುತ್ತಾರೆ. ನನಗೆ ಹೇಸಿಗೆಯಾಗುತ್ತಿತ್ತು, ಆದರೂ ಟಿಪ್ಪಣಿ ಮಾಡಿಕೊಂಡೆ. ಒಬ್ಬ ತಜ್ಞರಿಂದ ಹೋಲಿಕೆಯ ವರದಿಯನ್ನೂ ಬರೆಸಿದೆವು. ಪೊಲೀಸರು ಬಳಸುವ ಒಂಬತ್ತು ಮಿಲಿಮೀಟರ್ ಗುಂಡಿಗೂ ಶೆಟ್ಟರ ಎಂಟಕ್ಕೂ ಅಗಲದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ. ಆದರೆ ಶೆಟ್ಟರದ್ದರ ಗುಂಡಿನ ಶಕ್ತಿ ಆರೇಳರಲ್ಲಿ ಒಂದು ಪಾಲು. ಗುರಿ ಅಭ್ಯಾಸಕ್ಕೆ ಬಳಸುವ ಸಣ್ಣ .22 ಕೂಡ ಇದಕ್ಕಿಂತ ಜೋರು. ವರದಿ ಓದಿ ನಾನು ಗೆದ್ದೇಬಿಟ್ಟೆ ಅಂದುಕೊಂಡೆ.

ಕ್ರೌನ್ ಕೋರ್ಟಿನಲ್ಲಿ ತಜ್ಞರು ಅಂಕಿಗಳನ್ನೆಲ್ಲ ಚೆನ್ನಾಗಿ ಹೇಳಿದರು. ಸರ್ಕಾರದ ಬ್ಯಾರಿಸ್ಟರ್ ಎದ್ದು ಒಂದೇ ಪ್ರಶ್ನೆ ಕೇಳಿದಳು. "ಇದಕ್ಕೆ ಗುಂಡು ಹಾಕಿ ಯಾರಾದರೂ ನಿಮ್ಮ ಕಡೆ ಹಿಡಿದರೆ, ನೀವು ಹೆದರದೆ ನಿಂತಲ್ಲೇ ನಿಲ್ಲುತ್ತೀರಾ?"

ತಜ್ಞರು ಪ್ರಾಮಾಣಿಕರು. "ಇಲ್ಲ," ಅಂದರು.

ಶೆಟ್ಟರು ತಪ್ಪಿತಸ್ಥರು ಎನ್ನಲು ಜ್ಯೂರಿಗೆ ಎರಡು ಗಂಟೆಯೂ ಬೇಕಾಗಲಿಲ್ಲ. ಅಸಾಧಾರಣ ಸಂದರ್ಭ ಇದ್ದರೆ ನ್ಯಾಯಾಧೀಶರು ಐದು ವರ್ಷಕ್ಕಿಂತ ಕಡಿಮೆ ಕೊಡಬಹುದು. ಸುಶೀಲಕ್ಕನ ಸ್ಥಿತಿಯನ್ನು ನಮ್ಮ ಬ್ಯಾರಿಸ್ಟರ್ ಬೇಡಿಕೊಳ್ಳುವ ಹಾಗೆ ವಿವರಿಸಿದರು. ವಯಸ್ಸು, ಕಾಯಿಲೆ, ಹೆಂಡತಿಯ ಆರೈಕೆ ಇವು ಅನೇಕರಿಗೆ ಇರುತ್ತವೆ, ಅಸಾಧಾರಣ ಅನ್ನಲಾಗುವುದಿಲ್ಲ ಎಂದು ಹೇಳಿ ನ್ಯಾಯಾಧೀಶರು ಐದು ವರ್ಷ ಕೊಟ್ಟರು.

ಕೋರ್ಟಿನ ಕೆಳಗಿನ ಸೆಲ್ಲಿನಲ್ಲಿ ಶೆಟ್ಟರನ್ನು ಕಂಡೆ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಅಷ್ಟು ಹೇಳಿದ್ದರೂ ಯಾಕೆ ಬಾಯಿಬಿಟ್ಟಿರಿ ಎಂದು ಕೇಳಿದೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

"ಊರಂಗೆ ಪೊಲೀಸ್ರ್ ಕೇಂಡ್ರೆ ಅದನ್ನೇ ಹೇಳ್ಕಲ್ದಾ ಬಾಯಮ್ಮ? ಆತ್ಮರಕ್ಷಣೆಗೆ ಅಂದ್ರೇ ಲೈಸೆನ್ಸ್ ಸಿಕ್ಕುದ್. ಹಂಗಾರೆ ಇಲ್ಲಿ ನಾನ್ ಎಂತ ಹೇಳ್ಕಿತ್?"

"ಚಂದಕ್ಕೆ ಇಟ್ಟದ್ದು ಅಂತ."

"ಬಂದೂಕ್ ಚಂದಕ್ ಇಡೂದಾ?"

ನನ್ನ ತಂದೆಗೂ ಕಾಡುಹಂದಿ ಓಡಿಸಲು ಒಂದು ಕೋವಿ ಇತ್ತು. ಲೈಸೆನ್ಸಿನ ಅರ್ಜಿಯಲ್ಲಿ ಉದ್ದೇಶ ಎಂಬಲ್ಲಿ 'ಬೆಳೆ ರಕ್ಷಣೆ ಮತ್ತು ಆತ್ಮರಕ್ಷಣೆ' ಎಂದು ಬರೆದುಕೊಟ್ಟವಳು ಹೈಸ್ಕೂಲಿನಲ್ಲಿದ್ದ ನಾನೇ. ಶೆಟ್ಟರು ಯಾವ ಉತ್ತರವನ್ನು ಸರಿ ಎಂದುಕೊಂಡಿರುತ್ತಾರೆ ಎಂದು ಇಡೀ ಲಂಡನ್ನಿನಲ್ಲಿ ಊಹಿಸಬಲ್ಲ ವಕೀಲೆ ನಾನೊಬ್ಬಳೇ ಇದ್ದೆನೇನೋ. ಊಹಿಸಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು.

ಸುಶೀಲಕ್ಕನನ್ನು ಕೌನ್ಸಿಲಿನವರು ಒಂದು ಕೇರ್ ಹೋಮಿಗೆ ಸೇರಿಸಿದರು. ಅಲ್ಲಿ ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ನೀರು ಕೇಳಿದರೆ ಟಿವಿ ಹಾಕಿಕೊಡುತ್ತಿದ್ದರು. ನಾನು ಭಾನುವಾರ ಹೋಗುತ್ತಿದ್ದೆ, ಪ್ರತಿ ಸಲ "ಇವ್ರ್ ಬಂದ್ರಾ?" ಎಂದು ಕೇಳುತ್ತಿದ್ದರು. ಅಲ್ಲಿಗೆ ಸೇರಿದ ಹನ್ನೊಂದನೇ ತಿಂಗಳು ತೀರಿಕೊಂಡರು. ಅಂತ್ಯಕ್ರಿಯೆಗೆ ಶೆಟ್ಟರನ್ನು ಜೈಲಿನಿಂದ ಒಂದು ಗಂಟೆಯ ಮಟ್ಟಿಗೆ, ಕೈಕೋಳ ಹಾಕಿಯೇ, ಕರೆತಂದಿದ್ದರು.

ಈ ಕೇಸು ಕಲಿಸಿದ ಪಾಠ ಇಷ್ಟೇ. ಕಕ್ಷಿದಾರನಿಗೆ ಸುಮ್ಮನಿರು ಎಂದು ಹೇಳಿದರೆ ಸಾಲದು. ಅವನು ಇಲ್ಲಿಯವರೆಗೆ ಯಾವ ಸರ್ಕಾರಕ್ಕೆ ಏನು ಉತ್ತರ ಕೊಟ್ಟು ಬದುಕಿದ್ದಾನೆ ಎಂದು ಕೇಳಿ, ಆ ಉತ್ತರಕ್ಕೆ ಇಲ್ಲಿ ಏನಾಗುತ್ತದೆ ಎಂದು ತಿಳಿಸಬೇಕು. ಕಿರಿಯ ವಕೀಲರಿಗೆ ನಾನಿದನ್ನು ಹೇಳಿದಾಗ ಬರೆದುಕೊಳ್ಳುತ್ತಾರೆ. ಶೆಟ್ಟರಿಗೆ ಇದರಿಂದ ಏನೂ ಆಗಲಿಲ್ಲ.

ಅರ್ಧ ಶಿಕ್ಷೆ ಮುಗಿಸಿ ಅವರು ಹೊರಬಂದ ದಿನ ನಾನೇ ಕಾರು ತೆಗೆದುಕೊಂಡು ಹೋಗಿದ್ದೆ. ಹೌನ್ಸ್ಲೋ ಹತ್ತಿರ ಬಂದಾಗ ಕೇಳಿದರು: "ಚಂದಕ್ಕೆ ಅಂದಿದ್ರೆ ನಾವ್ ಇಬ್ರೂ ಊರಿಗ್ ಹೋಯ್ತಿದ್ವಾ, ಬಾಯಮ್ಮ?"

ಸಮಾಧಾನಕ್ಕೆ ಸುಳ್ಳು ಹೇಳಬಹುದಿತ್ತು. "ಹೌದು," ಅಂದೆ.